ಸಂಜೆ ಆಕಾಶದಲ್ಲಿ ಬೆಂಕಿಯುಂಡೆಯಂಥ ಉಲ್ಕೆ ಕಂಡರೆ ಏನು ಮಾಡಬೇಕು? ನಿಂತ ಜಾಗದಿಂದ ವರದಿಯವರೆಗೆ ಹಂತ ಹಂತವಾಗಿ

ದೊಡ್ಡ ಉಲ್ಕೆಯೊಂದು ಉರಿದುಹೋದ ಹತ್ತೇ ನಿಮಿಷದಲ್ಲಿ ವಾಟ್ಸಾಪ್ ಗುಂಪುಗಳು ತುಂಬಿಹೋಗುತ್ತವೆ. "ಏಳೂವರೆ ಸುಮಾರಿಗೆ ನೋಡ್ದೆ", "ನಮ್ಮೂರ ಗುಡ್ಡದ ಹಿಂದೇನೇ ಬಿತ್ತು", "ಭಯಂಕರ ಬೆಳಕು ಸಾರ್". ಇಂಥ ನೂರು ಸಂದೇಶ ಒಟ್ಟುಹಾಕಿದರೂ ಅದು ಯಾವ ಜಿಲ್ಲೆಯ ಮೇಲೆ ಉರಿಯಿತು ಅಂತ ಹೇಳಲಾಗುವುದಿಲ್ಲ. ನೋಡಿದವರು ಸುಳ್ಳು ಹೇಳುತ್ತಿಲ್ಲ. ಯಾವುದನ್ನು ಗಮನಿಸಬೇಕು, ಯಾವುದನ್ನು ಮೊದಲು ಬರೆದಿಡಬೇಕು ಎಂಬುದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಬರಿಗಣ್ಣಿನ ಸಾಕ್ಷಿಗೆ ಬೆಲೆಯಿಲ್ಲ ಎಂದುಕೊಳ್ಳಬೇಡಿ. 1976ರ ಜನವರಿ 28ರ ರಾತ್ರಿ ಗುಜರಾತಿನ ಧಜಾಲಾದಲ್ಲಿ ಉಲ್ಕಾಶಿಲೆಗಳು ಬಿದ್ದಾಗ, ಆ ಉಲ್ಕೆ ಮೊದಲು ಸೂರ್ಯನ ಸುತ್ತ ಯಾವ ಕಕ್ಷೆಯಲ್ಲಿ ಸುತ್ತುತ್ತಿತ್ತು ಎಂಬುದನ್ನು ವಿಜ್ಞಾನಿಗಳು ಲೆಕ್ಕಹಾಕಿದ್ದು ಕಣ್ಣಾರೆ ಕಂಡವರ ಹೇಳಿಕೆಗಳಿಂದಲೇ. ಹೇಳಿಕೆ ಸರಿಯಾಗಿದ್ದರೆ ಸಾಕು.

ಬೇಕಾದದ್ದು ಐದು ಸಂಗತಿ: ನೀವು ನಿಂತ ಜಾಗ, ಸಮಯ, ಉಲ್ಕೆ ಮೊದಲು ಕಂಡ ಬಿಂದು, ಆರಿಹೋದ ಬಿಂದು, ಉರಿದ ಅವಧಿ. ಮಿಕ್ಕದ್ದೆಲ್ಲ ಆಮೇಲೆ.

ಬೇಕಾಗುವ ಸಾಮಾನು

ಮೊಬೈಲು, ಒಂದು ನೇರ ಕೋಲು ಅಥವಾ ಅಳತೆಪಟ್ಟಿ, ಪೆನ್ನು, ಕಾಗದ, ನಿಮ್ಮ ಕೈ. ದೂರದರ್ಶಕ, ಬೈನಾಕ್ಯುಲರ್ ಯಾವುದೂ ಬೇಡ.

ಕೈಯನ್ನು ಮಾತ್ರ ಇವತ್ತೇ ಅಳೆದಿಟ್ಟುಕೊಳ್ಳಿ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನಡುವಿನ ಮೂರು ಬೆರಳು ಸೇರಿಸಿದರೆ 5, ಕಿರುಬೆರಳೊಂದೇ 1. ಪರೀಕ್ಷೆ ಸುಲಭ: ಮಹಡಿ ಮೇಲೆ ನಿಂತು ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ನೆತ್ತಿಯವರೆಗೆ ಹೋಗಿ. ಒಂಬತ್ತಕ್ಕೆ ಮುಟ್ಟಿದರೆ ಲೆಕ್ಕ ಸರಿ. ಎಂಟೋ ಹತ್ತೋ ಆದರೆ 90ನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದದ್ದೇ ನಿಮ್ಮ ಮುಷ್ಟಿಯ ಅಳತೆ.

ಹಂತ 1: ನಿಂತಲ್ಲಿಂದ ಕಾಲು ಕದಲಿಸಬೇಡಿ

ಜನ ಎಡವುವುದು ಇಲ್ಲೇ. ಬೆಳಕು ಕಂಡ ಕೂಡಲೇ ಮನೆಯವರನ್ನು ಕರೆಯಲು ಓಡುತ್ತಾರೆ, ಹಿಂದಿರುಗಿ ಬರುವಷ್ಟರಲ್ಲಿ ಎಲ್ಲಿ ನಿಂತಿದ್ದೆವು ಎಂಬುದೇ ಮರೆತಿರುತ್ತದೆ. ಎರಡು ಹೆಜ್ಜೆ ಆಚೀಚೆ ಆದರೂ ಎದುರು ಮನೆಯ ಟ್ಯಾಂಕು, ತೆಂಗಿನ ಮರ, ಕರೆಂಟ್ ಕಂಬ ಎಲ್ಲವೂ ಆಕಾಶದ ಬೇರೆ ಜಾಗಕ್ಕೆ ಸರಿದುಬಿಡುತ್ತವೆ.

ಉಲ್ಕೆ ಆರುತ್ತಿದ್ದಂತೆ ಕಣ್ಣನ್ನು ಅದೇ ಜಾಗದಲ್ಲಿ ನೆಟ್ಟು, ಅದರ ಕೆಳಗೋ ಪಕ್ಕಕ್ಕೋ ಇರುವ ಕದಲದ ವಸ್ತುವೊಂದನ್ನು ಗುರುತು ಮಾಡಿಕೊಳ್ಳಿ. ಬಳಿಕ ಅದು ಮೊದಲು ಕಂಡ ಜಾಗಕ್ಕೂ ಇನ್ನೊಂದು ಗುರುತು. ಈ ಕ್ರಮ ತಿರುವುಮುರುವು ಮಾಡಬೇಡಿ. ಕೊನೆಯ ಬಿಂದು ಮನಸ್ಸಿನಲ್ಲಿ ಹಸಿಯಾಗಿರುತ್ತದೆ, ಕಲ್ಲು ಹುಡುಕುವವರಿಗೆ ಬೇಕಾದದ್ದೂ ಅದೇ. ಪಾದದ ಬಳಿ ಚಪ್ಪಲಿಯೋ ಕಲ್ಲೋ ಇಟ್ಟು ನಿಂತ ಜಾಗವನ್ನೂ ಗುರುತಿಸಿ.

ಗಾಡಿ ಓಡಿಸುತ್ತಿದ್ದರೆ ಇದ್ಯಾವುದೂ ಬೇಡ. ಸುರಕ್ಷಿತವಾಗಿ ಪಕ್ಕಕ್ಕೆ ನಿಲ್ಲಿಸಿ, ಹತ್ತಿರದ ಕಿಲೋಮೀಟರ್ ಕಲ್ಲು ನೋಡಿಕೊಳ್ಳಿ. ಹಗಲಿನಲ್ಲಿ ಅದೇ ಜಾಗಕ್ಕೆ ಮತ್ತೆ ಹೋಗಬಹುದು.

ಹಂತ 2: ಸಮಯವನ್ನು ಸೆಕೆಂಡಿನ ಮಟ್ಟಿಗೆ ಹಿಡಿಯಿರಿ

ಗೋಡೆ ಗಡಿಯಾರ, ಕಾರಿನ ಗಡಿಯಾರ ನಂಬಬೇಡಿ. ನೆಟ್‌ವರ್ಕಿನಿಂದ ಸಮಯ ಪಡೆಯುವ ಮೊಬೈಲು ಸಾಕು. ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ, ಇಲ್ಲವೇ ಕ್ಯಾಮೆರಾದಲ್ಲಿ ಎದುರಿಗಿರುವುದರದ್ದೇ ಒಂದು ಫೋಟೊ ಹೊಡೆಯಿರಿ. ಫೋಟೊದ ವಿವರದಲ್ಲಿ ಸಮಯ ಸೆಕೆಂಡಿನ ಸಮೇತ ದಾಖಲಾಗಿರುತ್ತದೆ. ಲೊಕೇಶನ್ ಆನ್ ಆಗಿದ್ದರೆ ಜಾಗವೂ ಸಿಕ್ಕಿತು.

ಉಲ್ಕೆ ಕಂಡದ್ದಕ್ಕೂ ಫೋಟೊ ಹೊಡೆದದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತು ಎಂದು ಅಂದಾಜು ಮಾಡಿ ಕಳೆಯಿರಿ. ತಪ್ಪು ಎಷ್ಟಿರಬಹುದು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. "7:42:20, ತಪ್ಪು ಹೆಚ್ಚೆಂದರೆ 20 ಸೆಕೆಂಡ್" ಎನ್ನುವುದು "ಕರೆಕ್ಟಾಗಿ 7:42" ಎನ್ನುವುದಕ್ಕಿಂತ ಎಷ್ಟೋ ಮೇಲು.

ಹಂತ 3: ಕಿಟಕಿಯಿಂದ ದೂರವಿದ್ದು ಸದ್ದಿಗೆ ಕಾಯಿರಿ

ಇದು ಎಚ್ಚರಿಕೆಯ ಮಾತು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಕಣ್ಣು ಕೋರೈಸುವ ಬೆಳಕು ಮೊದಲು ಬಂತು. ಏನಾಯಿತೆಂದು ನೋಡಲು ಜನ ಕಿಟಕಿಗೆ ಬಂದು ನಿಂತರು. ಸುಮಾರು ಎರಡು ನಿಮಿಷದ ಮೇಲೆ ಆಘಾತದ ಅಲೆ ಬಡಿದು ಗಾಜು ಒಡೆಯಿತು. ಸುಮಾರು 1500 ಮಂದಿ ಚಿಕಿತ್ಸೆಗೆ ಹೋಗಬೇಕಾಯಿತು, ಹೆಚ್ಚಿನವರದ್ದು ಗಾಜಿನ ಗಾಯ. ಅಂಥದ್ದು ಬಲು ಅಪರೂಪ ನಿಜ. ಆದರೂ ಇಡೀ ಬೀದಿ ಹಗಲಿನಂತೆ ಬೆಳಗಿದರೆ ಮಕ್ಕಳನ್ನು ಕಿಟಕಿ, ಗಾಜಿನ ಬಾಗಿಲಿನಿಂದ ದೂರ ನಿಲ್ಲಿಸಿ.

ಆಮೇಲೆ ಸ್ಟಾಪ್‌ವಾಚ್ ಒತ್ತಿ ಕಿವಿಗೊಡಿ. ಕನಿಷ್ಠ 6 ನಿಮಿಷ ಕಾಯಿರಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನ ಲೆಕ್ಕ. ಬೆಳಕಿನ ಬಳಿಕ 90 ಸೆಕೆಂಡಿಗೆ ಗುಡುಗು ಕೇಳಿದರೆ ಉಲ್ಕೆ ನಿಮ್ಮಿಂದ ಸುಮಾರು 30 ಕಿ.ಮೀ. ದೂರದಲ್ಲಿತ್ತು, ಬಹುಮಟ್ಟಿಗೆ ನೆತ್ತಿಯ ಮೇಲೇ. ಅಂಥ ಸದ್ದು ಬಂದರೆ ಕಲ್ಲು ನೆಲಕ್ಕೆ ಬಿದ್ದಿರುವ ಸಾಧ್ಯತೆ ಹೆಚ್ಚು. ಸದ್ದು ಬರಲಿಲ್ಲವೇ? "ಇಷ್ಟು ನಿಮಿಷ ಕಾದೆ, ಬರಲಿಲ್ಲ" ಎಂದು ಬರೆಯಿರಿ, ಅದೂ ಮಾಹಿತಿಯೇ.

ಬೆಳಕಿನ ಜೊತೆಜೊತೆಗೇ 'ಸುಯ್' ಎಂಬ ಸದ್ದು ಕೇಳಿದೆ ಎಂದು ಕೆಲವರು ಹೇಳುತ್ತಾರೆ. ನಿಮಗೂ ಹಾಗೆ ಕೇಳಿಸಿದ್ದರೆ ಮುಚ್ಚಿಡಬೇಡಿ. ಅದನ್ನು ಗುಡುಗಿನೊಂದಿಗೆ ಬೆರೆಸದೆ ಬೇರೆಯಾಗಿ ಬರೆಯಿರಿ.

ಬರೀ ಸದ್ದು ಕೇಳಿ ಉಲ್ಕೆ ಎಂದು ತೀರ್ಮಾನಿಸಬೇಡಿ. 2020ರ ಮೇ 20ರಂದು ಬೆಂಗಳೂರನ್ನು ನಡುಗಿಸಿದ ಸದ್ದು ವಾಯುಪಡೆಯ ಪರೀಕ್ಷಾ ವಿಮಾನದ್ದು ಎಂದು ಆಮೇಲೆ ರಕ್ಷಣಾ ಇಲಾಖೆಯ ಕಡೆಯಿಂದಲೇ ತಿಳಿಯಿತು.

ಹಂತ 4: ಹೊಗೆಯ ಜಾಡಿದ್ದರೆ ಫೋಟೊ ತೆಗೆಯಿರಿ

ಸದ್ದಿಗೆ ಕಾಯುವ ಹೊತ್ತಿನಲ್ಲೇ ಇದನ್ನು ಮಾಡಬೇಕು. ನೆಲದಲ್ಲಿ ಕತ್ತಲಾಗಿದ್ದರೂ ಉಲ್ಕೆ ಉರಿಯುವ ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಹಾಗಾಗಿ ಮುಸ್ಸಂಜೆಯ ಉಲ್ಕೆ ಬಿಟ್ಟುಹೋದ ಧೂಳಿನ ಗೆರೆ ಬೆಳ್ಳಿಯಂತೆ ಹೊಳೆಯುತ್ತ ಬಹಳ ಹೊತ್ತು ನಿಲ್ಲಬಹುದು. ಮೇಲಿನ ಗಾಳಿ ಅದನ್ನು ಬೇಗ ಸೊಟ್ಟ ಮಾಡುತ್ತದೆ, ಆದ್ದರಿಂದ ಮೊದಲ ಫೋಟೊಗೇ ಬೆಲೆ ಹೆಚ್ಚು.

ಝೂಮ್ ಮಾಡಬೇಡಿ. ಗೆರೆಯ ಜೊತೆಗೆ ಕೆಳಗಿನ ಮನೆ, ಮರ, ಕಂಬ ಚೌಕಟ್ಟಿನೊಳಗೆ ಬರಲಿ. ಬರೀ ಗೆರೆಯ ಚಂದದ ಫೋಟೊದಿಂದ ಅಳತೆ ಸಿಗುವುದಿಲ್ಲ, ತಂತಿ ಕಂಬ ಅಡ್ಡ ಬಂದ ಫೋಟೊದಿಂದ ಸಿಗುತ್ತದೆ. ಮೊಬೈಲನ್ನು ಪ್ಯಾರಪೆಟ್ ಗೋಡೆಗೆ ಒತ್ತಿ ಹಿಡಿದು ಅರ್ಧ ನಿಮಿಷಕ್ಕೊಂದು ತೆಗೆಯುತ್ತ ಹೋಗಿ.

ಹಂತ 5: ದಿಕ್ಕು, ಎತ್ತರ ಅಳೆಯಿರಿ

ಇಡೀ ಕೆಲಸದ ಜೀವಾಳ ಇಲ್ಲಿದೆ, ಆತುರ ಬೇಡ. ಗುರುತು ಸರಿಯಾಗಿ ಹಿಡಿದಿದ್ದರೆ ಇದನ್ನು ಮರುದಿನ ಹಗಲಲ್ಲಿ ಮಾಡಿದರೂ ನಡೆಯುತ್ತದೆ.

ಮೊದಲು ದಿಕ್ಕು. ಮೊಬೈಲಿನ ದಿಕ್ಸೂಚಿಯನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ ಹದಗೊಳಿಸಿ. ಅಯಸ್ಕಾಂತವಿರುವ ಕವರ್ ತೆಗೆದಿಡಿ. ಕಬ್ಬಿಣದ ಗ್ರಿಲ್, ಗೇಟು, ಗಾಡಿಯಿಂದ ಕೆಲವು ಹೆಜ್ಜೆ ದೂರವಿರಿ. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270. "ವಾಯುವ್ಯ" ಎಂದು ಬರೆಯುವ ಬದಲು "305 ಡಿಗ್ರಿ" ಎಂದು ಬರೆಯಿರಿ. ದಿಕ್ಸೂಚಿಗಿಂತ ನಂಬಿಕೆಯ ದಾರಿಯೂ ಇದೆ: ಗೂಗಲ್ ಅರ್ಥ್‌ನಲ್ಲಿ ನಿಮ್ಮ ಮಹಡಿಯಿಂದ ಆ ಮೊಬೈಲ್ ಟವರಿಗೋ ನೀರಿನ ಟ್ಯಾಂಕಿಗೋ ಅಳತೆಗೆರೆ ಎಳೆದರೆ ದಿಕ್ಕನ್ನು ಅದೇ ತೋರಿಸುತ್ತದೆ.

ಇಷ್ಟು ನಿಖರತೆ ಯಾಕೆ? 150 ಕಿ.ಮೀ. ದೂರದ ಉಲ್ಕೆಯ ದಿಕ್ಕಿನಲ್ಲಿ 5 ಡಿಗ್ರಿ ತಪ್ಪಿದರೆ ನೆಲದ ಮೇಲೆ 13 ಕಿ.ಮೀ. ತಪ್ಪಿದಂತೆ. ಹುಡುಕಲು ಹೊರಟವರು ಬೇರೆ ಹೋಬಳಿಯ ಹೊಲ ಸುತ್ತುತ್ತಾರೆ.

ಮುಂದೆ ಎತ್ತರ. ದಿಗಂತದಿಂದ ಎಷ್ಟು ಮುಷ್ಟಿ, ಎಷ್ಟು ಬೆರಳು ಎಂದು ಎಣಿಸಿ. ದಿಗಂತ ಎಂದರೆ ಕಣ್ಣಿನ ಮಟ್ಟ, ಎದುರು ಮನೆಯ ಸೂರಲ್ಲ. ಎತ್ತರವನ್ನು ಇದ್ದದ್ದಕ್ಕಿಂತ ಹೆಚ್ಚು ಹೇಳುವುದು ಎಲ್ಲರ ಅಭ್ಯಾಸ. "ನೆತ್ತಿಯ ಮೇಲೆ" ಎಂದು ಬರೆಯುವ ಮುನ್ನ ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಿದ್ದಿರಾ ಎಂದು ನೆನಪಿಸಿಕೊಳ್ಳಿ.

ಗುರುತಿಗೆ ಮನೆ ಮರ ಯಾವುದೂ ಸಿಗದೆ ನಕ್ಷತ್ರವನ್ನೇ ಹಿಡಿದಿದ್ದರೆ, ಮರುದಿನ 4 ನಿಮಿಷ ಮೊದಲು ಅದೇ ಜಾಗದಲ್ಲಿ ನಿಲ್ಲಿ. ನಕ್ಷತ್ರಗಳು ಅದೇ ಸ್ಥಾನದಲ್ಲಿರುತ್ತವೆ. ಚಂದ್ರನನ್ನು ಹಿಡಿದಿದ್ದರೆ ಈ ಲೆಕ್ಕ ನಡೆಯದು, ಸ್ಟೆಲೇರಿಯಂನಂಥ ಆಕಾಶನಕ್ಷೆಯ ಆ್ಯಪ್‌ನಲ್ಲಿ ಆ ದಿನದ ಆ ಸಮಯ ಹಾಕಿ ನೋಡಬೇಕು.

ಇಳಿಜಾರು ಹಿಡಿಯಲು ಕೋಲು. ತೋಳು ಚಾಚಿ, ಉಲ್ಕೆ ಸಾಗಿದ ಹಾದಿಯ ಮೇಲೆ ಕೋಲನ್ನು ಹೊಂದಿಸಿ ಹಿಡಿದು, ಇನ್ನೊಬ್ಬರಿಂದ ನಿಮ್ಮ ಕಣ್ಣಿನ ಪಕ್ಕದಿಂದಲೇ ಫೋಟೊ ತೆಗೆಸಿ. ಮೊಬೈಲು ವಾಲದಂತೆ ಹಿಡಿಯಲು ಹೇಳಿ.

ಚಲನೆಯನ್ನು "ಪಶ್ಚಿಮದಿಂದ ಪೂರ್ವಕ್ಕೆ" ಎಂದು ಬರೆಯಬೇಡಿ. ನಿಮಗೆ ಕಂಡದ್ದು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ, ಮೇಲಿಂದ ಕೆಳಕ್ಕೋ ಅಷ್ಟೇ. ನಿಜವಾದ ಹಾದಿ ಎರಡು ಊರಿನವರ ಅಳತೆ ಸೇರಿದ ಮೇಲೆ ಗೊತ್ತಾಗುವಂಥದ್ದು.

ಬರಹ ಹೀಗಿರಬೇಕು. ತುಮಕೂರಿನ ಮಹಡಿಯೊಂದರಿಂದ ನೋಡಿದ್ದೆಂದು ಇಟ್ಟುಕೊಳ್ಳಿ:

ಜಾಗ 13.34 ಉ., 77.10 ಪೂ. (ಅಕ್ಷಾಂಶ, ರೇಖಾಂಶ; ನಿಜವಾದ ವರದಿಯಲ್ಲಿ ಐದು ದಶಮಾಂಶ ಇರಲಿ). ಸಂಜೆ 7:42:20. ಮೊದಲು ಕಂಡದ್ದು ಎದುರು ಮನೆ ಸಿಂಟೆಕ್ಸ್ ಟ್ಯಾಂಕಿನ ಎಡ ಅಂಚಿನ ನೇರಕ್ಕೆ, ದಿಕ್ಕು 305, ಎತ್ತರ 40. ಆರಿದ್ದು ಮೊಬೈಲ್ ಟವರಿನ ಬಲಕ್ಕೆ ಎರಡು ಬೆರಳು, ದಿಕ್ಕು 340, ಎತ್ತರ 15. ಎಡದಿಂದ ಬಲಕ್ಕೆ, ಕೆಳಮುಖ. 4 ಸೆಕೆಂಡ್. ಸದ್ದು: 7 ನಿಮಿಷ ಕಾದೆ, ಇಲ್ಲ.

ಈ ನಾಲ್ಕು ಸಾಲಿನಿಂದ ಎಷ್ಟೆಲ್ಲ ಹೊರಡುತ್ತದೆ ನೋಡಿ. ಉಲ್ಕೆ 30 ಕಿ.ಮೀ. ಎತ್ತರದಲ್ಲಿ ಆರಿತು ಎಂದುಕೊಂಡರೆ, 15 ಡಿಗ್ರಿ ಎತ್ತರದಲ್ಲಿ ಕಾಣಬೇಕಾದರೆ ಅದು ಸುಮಾರು 110 ಕಿ.ಮೀ. ದೂರದಲ್ಲಿರಬೇಕು. 340ರ ದಿಕ್ಕಿನಲ್ಲಿ ಅಷ್ಟು ದೂರ ಎಂದರೆ ಚಳ್ಳಕೆರೆಯ ಆಸುಪಾಸು. ತುಮಕೂರಿನವರ ಕಣ್ಣಿಗೆ ಅದು ಟವರಿನ ಹಿಂದೇ ಬಿದ್ದಂತೆ ಕಂಡಿರುತ್ತದೆ! ಎತ್ತರ 10 ಡಿಗ್ರಿಗೆ ಇಳಿದರೆ ದೂರ 170 ಕಿ.ಮೀ. ಆಗುತ್ತದೆ. ಕರಾವಳಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದವರ ಉಲ್ಕೆ ಬಹುಪಾಲು ನಡುಸಮುದ್ರದ ಮೇಲಿನದು. "ಪಕ್ಕದ ಊರಲ್ಲಿ ಬಿತ್ತು" ಎಂದು ಬೈಕು ಹತ್ತುವ ಮುಂಚೆ ಈ ಲೆಕ್ಕ ಹಾಕಿ.

ಹಂತ 6: ಅವಧಿ, ಹೊಳಪು, ಬಣ್ಣ

ಅವಧಿಯನ್ನು ನೆನಪಿನಿಂದ ಹೇಳಬೇಡಿ, ಆಡಿ ತೋರಿಸಿ. ಮೊದಲ ಬಿಂದುವಿನಿಂದ ಕೊನೆಯ ಬಿಂದುವಿಗೆ ಬೆರಳನ್ನು ಅದೇ ವೇಗದಲ್ಲಿ ಒಯ್ಯಿರಿ, ಇನ್ನೊಬ್ಬರು ಸ್ಟಾಪ್‌ವಾಚ್ ಹಿಡಿಯಲಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. "ಅರ್ಧ ನಿಮಿಷ ಇತ್ತು" ಎನ್ನುವವರದ್ದು ಹೀಗೆ ಮಾಡಿದರೆ ಐದಾರು ಸೆಕೆಂಡಿಗೆ ಇಳಿಯುವುದುಂಟು.

ಹೊಳಪಿಗೆ ಹೋಲಿಕೆ ಕೊಡಿ: ಶುಕ್ರನಷ್ಟೇ, ಅರ್ಧ ಚಂದ್ರನಷ್ಟೇ, ಹುಣ್ಣಿಮೆ ಚಂದ್ರನನ್ನೂ ಮೀರಿತೇ? ಶುಕ್ರನಿಗಿಂತ ಹೆಚ್ಚು ಹೊಳೆದರೆ ಮಾತ್ರ ಅದನ್ನು ಈ ದೊಡ್ಡ ಉಲ್ಕೆಗಳ ಸಾಲಿಗೆ ಸೇರಿಸುತ್ತಾರೆ. ನೆಲದ ಮೇಲೆ ನೆರಳು ಬಿದ್ದಿದ್ದರೆ ಅದನ್ನು ತಪ್ಪದೆ ಬರೆಯಿರಿ. ಬಣ್ಣ, ಎಷ್ಟು ಚೂರಾಯಿತು, ಕೊನೆಯಲ್ಲಿ ಮಿಂಚಿತೇ, ಒಂದೊಂದು ಸಾಲು ಸಾಕು.

ಹಂತ 7: ಅದು ಉಲ್ಕೆಯೇ ಎಂದು ಪರೀಕ್ಷಿಸಿ

ಸಂಜೆಯ ಉಲ್ಕೆಗಳು ಬೆಳಗಿನ ಜಾವದವುಗಳಿಗಿಂತ ಸಾಮಾನ್ಯವಾಗಿ ನಿಧಾನ. ಸಂಜೆ ನಾವಿರುವುದು ಭೂಮಿ ಸಾಗುವ ದಿಕ್ಕಿನ ಹಿಂಬದಿಯಲ್ಲಿ, ಉಲ್ಕೆ ಹಿಂದಿನಿಂದ ಬಂದು ಭೂಮಿಯನ್ನು ಹಿಡಿಯಬೇಕು. ಆದ್ದರಿಂದಲೇ ಅವನ್ನು ಬೇರೆ ವಸ್ತುಗಳೆಂದು ತಿಳಿಯುವುದೂ, ಬೇರೆ ವಸ್ತುಗಳನ್ನು ಉಲ್ಕೆ ಎಂದುಕೊಳ್ಳುವುದೂ ಹೆಚ್ಚು.

ಅರ್ಧ ನಿಮಿಷಕ್ಕೂ ಮಿಕ್ಕಿ, ಆಕಾಶದ ಈ ಮೂಲೆಯಿಂದ ಆ ಮೂಲೆಗೆ ಹೆಚ್ಚುಕಡಿಮೆ ಅಡ್ಡಲಾಗಿ, ಹಲವು ಚೂರುಗಳು ಸಾಲಾಗಿ ಉರಿಯುತ್ತ ಸಾಗಿದರೆ ಅದು ರಾಕೆಟ್ ಅಥವಾ ಉಪಗ್ರಹದ ಅವಶೇಷ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶದಲ್ಲಿ ಜನ ಉಲ್ಕೆ ಎಂದು ವಿಡಿಯೊ ಮಾಡಿದ್ದು ಇಂಥದ್ದನ್ನೇ. ಚೀನಾದ ರಾಕೆಟ್ಟಿನ ಭಾಗ ಅದು ಎಂದು ತಜ್ಞರು ಗುರುತಿಸಿದರು. ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ಬಳಿ ದೊಡ್ಡ ಲೋಹದ ಬಳೆ ಬಿದ್ದಿತ್ತು.

ಸಮ ಅಂತರದ ಚುಕ್ಕಿಗಳ ಮೆರವಣಿಗೆ ಸ್ಟಾರ್‌ಲಿಂಕ್ ಇಂಟರ್‌ನೆಟ್ ಉಪಗ್ರಹಗಳದ್ದು. ಉರಿಯದೆ, ಬಾಲವಿಲ್ಲದೆ ನಿಮಿಷಗಟ್ಟಲೆ ಸಾಗುವ ಒಂಟಿ ಚುಕ್ಕಿ ಅಂತರಿಕ್ಷ ನಿಲ್ದಾಣವೋ ಉಪಗ್ರಹವೋ. ಪಡುವಣದಲ್ಲಿ ಕೆಂಪಗೆ ಬೆಳಗುತ್ತ ನಿಧಾನಕ್ಕೆ ಇಳಿದಂತೆ ಕಾಣುವ ಗೆರೆ, ಸೂರ್ಯನ ಬೆಳಕು ಬಿದ್ದ ವಿಮಾನದ ಹೊಗೆ. ಅನುಮಾನ ಉಳಿದರೆ ವರದಿ ಬಿಡಬೇಡಿ, ಅನುಮಾನವನ್ನೂ ಸೇರಿಸಿ ಬರೆಯಿರಿ.

ಹಂತ 8: ಸಿಸಿಟಿವಿ ದೃಶ್ಯ ಅಳಿಯುವ ಮುನ್ನ ಉಳಿಸಿಕೊಳ್ಳಿ

ಈಗ ಬೀದಿಗೆರಡು ಕ್ಯಾಮೆರಾ ಇವೆ. ಆಕಾಶ ಕಾಣದಿದ್ದರೂ ಪರವಾಗಿಲ್ಲ, ಕಂಬದ ನೆರಳು ನೆಲದ ಮೇಲೆ ಓಡಿದ ದೃಶ್ಯವೂ ಉಪಯೋಗಕ್ಕೆ ಬರುತ್ತದೆ. ಆದರೆ ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಕೆಲವೆಡೆ ಒಂದು ವಾರವೂ ಉಳಿಯುವುದಿಲ್ಲ. ಮರುದಿನ ಬೆಳಗ್ಗೆಯೇ ಅಂಗಡಿ, ಪೆಟ್ರೋಲ್ ಬಂಕ್, ಅಪಾರ್ಟ್‌ಮೆಂಟಿನವರನ್ನು ಕೇಳಿ.

ಮಾನಿಟರಿನ ಮೇಲೆ ಓಡುವ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬರುವುದೇ ದೊಡ್ಡ ತಪ್ಪು. ದೃಶ್ಯ ದಾಖಲಿಸುವ ಪೆಟ್ಟಿಗೆಗೆ (ಡಿವಿಆರ್) ಪೆನ್‌ಡ್ರೈವ್ ಹಾಕಿ ಮೂಲ ಫೈಲನ್ನೇ ಇಳಿಸಿಕೊಳ್ಳಿ, ಹಿಂದೆ ಮುಂದೆ ಎರಡೆರಡು ನಿಮಿಷ ಸೇರಿಸಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ವಿಡಿಯೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಕುಗ್ಗಿಸಿ ವಿವರ ಕೆಡಿಸುತ್ತದೆ.

ಡಿವಿಆರ್ ಗಡಿಯಾರ ಸರಿಯಿರುವುದು ಅಪರೂಪ. ಪರದೆಯ ಮೇಲಿನ ಸಮಯವೂ ನಿಮ್ಮ ಮೊಬೈಲಿನ ಸಮಯವೂ ಒಟ್ಟಿಗೆ ಕಾಣುವಂತೆ ಒಂದು ಫೋಟೊ ತೆಗೆದರೆ ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಗೊತ್ತಾಗುತ್ತದೆ. ಗಡಿಯಾರವನ್ನು ಆಗಲೇ ಸರಿಪಡಿಸಬೇಡಿ. ಕ್ಯಾಮೆರಾವನ್ನು ಕೆಲವು ವಾರ ತಿರುಗಿಸಬೇಡಿ ಎಂದು ಮಾಲೀಕರಲ್ಲಿ ಕೇಳಿಕೊಳ್ಳಿ. ಅದೇ ಕೋನದಲ್ಲಿ ಕಾಣುವ ಚಂದ್ರ, ನಕ್ಷತ್ರಗಳಿಂದಲೇ ಉಲ್ಕೆಯ ಸ್ಥಾನವನ್ನು ಲೆಕ್ಕಹಾಕುವುದು.

ಹಂತ 9: ಬೇರೆಯವರ ಜೊತೆ ಮಾತಾಡುವ ಮುನ್ನ ವರದಿ ಬರೆಯಿರಿ

ಐದು ಜನ ಕೂತು ಹರಟಿದರೆ ಐದು ನೆನಪು ಒಂದಾಗಿಬಿಡುತ್ತದೆ, ಅದೂ ಗಟ್ಟಿ ದನಿಯವರ ನೆನಪು. ಮನೆಯಲ್ಲಿ ಮೂವರು ನೋಡಿದ್ದರೆ ಮೂವರೂ ಬೇರೆ ಬೇರೆ ಬರೆಯಲಿ. ಸುದ್ದಿ ವಾಹಿನಿ ನೋಡುವುದು ಅದಾದ ಮೇಲೆ.

ಊರಿನವರನ್ನು ಕೇಳುವಾಗ "ಆ ಕಡೆಯಿಂದ ಬಂತಲ್ವಾ?" ಎಂದು ಉತ್ತರ ಕೈಗಿಡಬೇಡಿ. "ಅಜ್ಜಾ, ಎಲ್ಲಿ ಕೂತಿದ್ರಿ? ಅಲ್ಲೇ ಕೂತು ಬೆರಳು ಮಾಡಿ ತೋರಿಸಿ" ಎನ್ನಿ. ಅವರ ಬೆರಳಿನ ನೇರಕ್ಕೆ ನಿಮ್ಮ ದಿಕ್ಸೂಚಿ ಹಿಡಿಯಿರಿ.

ವರದಿಯನ್ನು ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಶನ್‌ನ ಜಾಲತಾಣದಲ್ಲಿರುವ ಫೈರ್‌ಬಾಲ್ (ಬೆಂಕಿಯುಂಡೆ ಉಲ್ಕೆ) ಅರ್ಜಿಯಲ್ಲಿ ತುಂಬಿ. ಅದಕ್ಕೆ ಹಣ ಕೊಡಬೇಕಿಲ್ಲ. ನಕ್ಷೆಯಲ್ಲಿ ನಿಂತ ಜಾಗ ಗುರುತಿಸಿ, ಮುಖ ಮಾಡಿದ್ದ ದಿಕ್ಕು, ಎರಡು ಬಿಂದುಗಳ ದಿಕ್ಕು ಮತ್ತು ಎತ್ತರ ಕೊಟ್ಟರೆ, ಬೇರೆ ಊರುಗಳ ವರದಿಗಳೊಂದಿಗೆ ಸೇರಿಸಿ ಹಾದಿ ಲೆಕ್ಕ ಹಾಕುತ್ತಾರೆ. ಸಮಯ ತುಂಬುವಾಗ ಕೇಳಿರುವುದು ಭಾರತದ ಸಮಯವೋ ಯುಟಿಸಿಯೋ (ಅಂತರರಾಷ್ಟ್ರೀಯ ಸಮಯ) ನೋಡಿಕೊಳ್ಳಿ. ಸಂಜೆ 7:42 ಎಂದರೆ ಯುಟಿಸಿಯಲ್ಲಿ 14:12. ಗೊತ್ತಿಲ್ಲದ ಕಡೆ ಅಂದಾಜು ತುಂಬಬೇಡಿ, ಖಾಲಿ ಬಿಡಿ.

ಹಂತ 10: ಕಲ್ಲು ಸಿಕ್ಕರೆ

2022ರ ಆಗಸ್ಟ್ 17ರ ಸಂಜೆ ಗುಜರಾತಿನ ದಿಯೋದರ್ ಬಳಿ ಬಿದ್ದ ಕಲ್ಲು ಬಲು ಅಪರೂಪದ ಜಾತಿಯದು. ಅದು ಬೇಗ ಕೈಸೇರಿದ್ದರಿಂದ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರಿಗೆ ಪರೀಕ್ಷಿಸಲು ಸಾಧ್ಯವಾಯಿತು. ಬಿದ್ದ ಕಲ್ಲಿಗೆ ಮಳೆ ಬಡಿಯುವ ಮುನ್ನ ಅದು ಸಿಗಬೇಕು.

ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ತೆಳ್ಳನೆಯ ಕಪ್ಪು ಸಿಪ್ಪೆ ಇರುತ್ತದೆ, ಒಡೆದ ಕಡೆ ಒಳಗೆ ಬಣ್ಣ ಸಾಮಾನ್ಯವಾಗಿ ತಿಳಿ. ಮೈಮೇಲೆ ಚಪಾತಿ ಹಿಟ್ಟಿಗೆ ಹೆಬ್ಬೆರಳು ಒತ್ತಿದಂಥ ಕುಳಿಗಳಿರಬಹುದು. ಜಾಲಿ ಜಾಲಿಯಾಗಿ ರಂಧ್ರ ತುಂಬಿದ ಕಲ್ಲು ಹೆಚ್ಚಾಗಿ ಕಾರ್ಖಾನೆಯ ಕಿಟ್ಟ. ಹುಲ್ಲು ಸುಟ್ಟಿರಬೇಕು ಎಂದು ಹುಡುಕಬೇಡಿ. ಉರಿ ಆರಿದ ಮೇಲೆ ಕಲ್ಲು ಕೆಲವು ನಿಮಿಷ ತಣ್ಣನೆಯ ಗಾಳಿಯಲ್ಲಿ ಬೀಳುತ್ತದೆ, ಬೆಂಕಿ ಹಚ್ಚುವಷ್ಟು ಬಿಸಿ ಉಳಿದಿರುವುದಿಲ್ಲ.

ಮುಟ್ಟುವ ಮುನ್ನ ಪಕ್ಕದಲ್ಲಿ ಪೆನ್ನು ಇಟ್ಟು ಫೋಟೊ ತೆಗೆದು, ಜಾಗ ಗುರುತಿಸಿ. ಶುಭ್ರ ಕೈಗವಸು ಅಥವಾ ಅಡುಗೆಮನೆಯ ಹೊಸ ಅಲ್ಯುಮಿನಿಯಂ ಹಾಳೆಯಿಂದ ಎತ್ತಿ, ಅದರಲ್ಲೇ ಸುತ್ತಿ, ಒಣ ಚೀಲದಲ್ಲಿಡಿ. ತೊಳೆಯಬೇಡಿ, ಒಡೆದು ಹಂಚಿಕೊಳ್ಳಬೇಡಿ. ಅಯಸ್ಕಾಂತ ತಾಗಿಸಬೇಡಿ, ಕಲ್ಲಿನೊಳಗಿನ ಹಳೆಯ ಕಾಂತೀಯ ಗುರುತು ಅಳಿಸಿಹೋಗುತ್ತದೆ. ಪೂಜೆ ಮಾಡಬೇಕೆನಿಸಿದರೆ ದೂರದಿಂದ ಕೈಮುಗಿಯಿರಿ, ಅರಿಶಿನ ಕುಂಕುಮ ಹಚ್ಚಿ ಹಾಲು ಎರೆಯುವುದು ಬೇಡ.

ಸಿಕ್ಕಿದ್ದು ಲೋಹದ ಗುಂಡು, ಬಳೆ, ನೂಲು ಸುತ್ತಿದಂಥ ಟ್ಯಾಂಕು ಆಗಿದ್ದರೆ ಹತ್ತಿರ ಹೋಗಲೇಬೇಡಿ. ರಾಕೆಟ್ ಇಂಧನದ ವಿಷ ಉಳಿದಿರಬಹುದು. 112ಕ್ಕೆ ಕರೆ ಮಾಡಿ, ಮಕ್ಕಳನ್ನು ದೂರವಿಡಿ.

ಹುಡುಕಲು ಬೇರೆಯವರ ಹೊಲಕ್ಕೆ ಇಳಿಯುವ ಮುನ್ನ ಮಾಲೀಕರನ್ನು ಕೇಳಿ. ಉಲ್ಕಾಶಿಲೆಗಳನ್ನು ಪರೀಕ್ಷಿಸಿ ಕಾಪಾಡುವ ಕೆಲಸ ನಮ್ಮ ದೇಶದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಕೇಂದ್ರ ಕಚೇರಿ ಕೋಲ್ಕತ್ತದಲ್ಲಿ, ಬೆಂಗಳೂರಿನಲ್ಲೂ ಕಚೇರಿಯಿದೆ. ತಹಶೀಲ್ದಾರರ ಅಥವಾ ಪೊಲೀಸ್ ಠಾಣೆಯ ಮೂಲಕ ತಿಳಿಸಿದರೂ ಆಗುತ್ತದೆ. ಕೊಡುವಾಗ ತೂಕ, ಸಿಕ್ಕ ಜಾಗ, ದಿನ, ಸಮಯ ಬರೆದ ಚೀಟಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ತೆಗೆದುಕೊಂಡವರ ಸಹಿ ಹಾಕಿಸಿಕೊಂಡು ನಿಮ್ಮಲ್ಲಿಟ್ಟುಕೊಳ್ಳಿ.